ಮೂವತ್ತಕ್ಕೆ ಅರ್ಧ ಕಮ್ಮಿ

ಜೂನ್ 3, ಶನಿವಾರ

ಯಾರದು ಇದನ್ನು ಓದುತ್ತಿರುವುದು? ನಾಚಿಕೆ ಆಗುವುದಿಲ್ಲವೇ? ಮುದುಕಿಯ ಪುಸ್ತಕ ಎಂದರೆ ಬಿಚ್ಚಿಟ್ಟ ಮೂಟೆಯೇ, ಬಂದವರೆಲ್ಲ ಕೈ ಹಾಕಿ ಕೆದಕಲು? ಮುಚ್ಚು. ಕೈ ತೊಳೆದುಕೊಂಡು ಬಂದಿದ್ದೀಯೋ ಇಲ್ಲವೋ ಆಮೇಲೆ ಕೇಳುತ್ತೇನೆ, ಮೊದಲು ಮುಚ್ಚು. ನೀನು ನನ್ನ ಸೊಸೆಯಾಗಿದ್ದರೆ ಒಲೆಯ ಮೇಲೆ ಏನೋ ಸೀಯುತ್ತಿದೆ, ಹೋಗಿ ನೋಡು. ಮಗನಾಗಿದ್ದರೆ ದೊಡ್ಡ ಕತ್ತರಿಯನ್ನು ಸಾಣೆಗೆ ಕೊಟ್ಟು ಬಾ ಎಂದು ಹೇಳಿ ಹತ್ತು ದಿನವಾಯಿತು. ಮೊಮ್ಮಗಳು ಮಾತ್ರ ಓದುವವಳಲ್ಲ. ಅವಳೇ ತಂದುಕೊಟ್ಟ ಪುಸ್ತಕ ಇದು.

"ಅಜ್ಜಿ, ನಿನ್ನ ಬಾಯಿಗೆ ಸ್ವಲ್ಪ ರಜೆ ಕೊಡು. ಬೈಬೇಕು ಅನ್ಸಿದಾಗೆಲ್ಲ ಇದ್ರಲ್ಲಿ ಬೈ," ಎಂದಳು.

"ನಾನು ನಾಲ್ಕನೇ ಕ್ಲಾಸು ಕಣೇ. ಕಾಗುಣಿತ ತಪ್ಪಿದ್ರೆ ನೀನು ನಗ್ತೀಯ."

"ನಾನು ಓದೋದೇ ಇಲ್ವಲ್ಲ, ಹೇಗೆ ನಗ್ಲಿ?"

ಅವಳು ಕಳೆದ ತಿಂಗಳು ಪಾಸಾದಳು. ಆ ದಿನದಿಂದ ನಾನು ಅವಳನ್ನು ಬೀಎಸ್ಸಿ ಎಂದೇ ಕರೆಯುವುದು. ಕೋಪ ಬಂದಾಗಲೂ ಬೀಎಸ್ಸಿ, ಮುದ್ದು ಬಂದಾಗಲೂ ಬೀಎಸ್ಸಿ. ರಸಾಯನಶಾಸ್ತ್ರವಂತೆ. ಬಟ್ಟೆಯ ಮೇಲಿನ ಕಲೆ ನೋಡಿ ಇದು ತುಕ್ಕು, ಇದು ಹಣ್ಣಿನ ರಸ ಎನ್ನುತ್ತಾಳೆ. ಅಷ್ಟು ಹೇಳಲು ನನಗೆ ಮೂರು ವರ್ಷ ಕಾಲೇಜು ಬೇಕಾಗಿರಲಿಲ್ಲ. ಆದರೂ ಹೇಳುವಾಗ ಕೇಳಿಸಿಕೊಳ್ಳುತ್ತೇನೆ.

ಮನೆ ಮೇಲೆ, ಹೊಲಿಗೆ ಅಂಗಡಿ ಕೆಳಗೆ. ನಡುವೆ ಹದಿನಾಲ್ಕು ಮೆಟ್ಟಿಲು. ಮಗ ಕತ್ತರಿಸುತ್ತಾನೆ, ನಾನು ಅಳತೆ ತೆಗೆದು ಹೊಲಿಯುತ್ತೇನೆ, ಸೊಸೆ ಕಾಜಾ ಗುಂಡಿ ನೋಡಿಕೊಳ್ಳುತ್ತಾಳೆ. ನಾನು ಅಳತೆ ಕೂಗುವುದು, ಅವಳು ಬರೆದುಕೊಳ್ಳುವುದು. ನಲವತ್ತೈದು ವರ್ಷದಿಂದ ಈ ಬೀದಿಯ ಹೆಂಗಸರ ಮೈ ನನ್ನ ನಾಲಗೆಯ ಮೇಲಿದೆ.

ಪುಟಗಳ ನಡುವೆ ಕೆಂಪು ದಾರದ ಒಂದು ಎಳೆ ಇಟ್ಟಿದ್ದೇನೆ. ಅದು ಅಲುಗಾಡಿದರೆ ನನಗೆ ತಿಳಿಯುತ್ತದೆ. ನೆನಪಿರಲಿ.

ಜೂನ್ 11, ಭಾನುವಾರ

ಜವಳಿ ಅಂಗಡಿಯವರ ಮನೆಯಿಂದ ಮಾತು ಬಂದಿದೆ! ಹುಡುಗ ಒಬ್ಬನೇ ಮಗ. ಮೂರು ಅಂತಸ್ತಿನ ಅಂಗಡಿ, ಕನ್ನಡಿಯಂಥ ನೆಲ. ಇಷ್ಟು ವರ್ಷ ನಾವು ಅವರ ಹಿಂಬಾಗಿಲಲ್ಲಿ ನಿಂತು ತುಂಡು ಬಟ್ಟೆ ಆರಿಸಿಕೊಂಡು ಬಂದವರು. ಇನ್ನು ನನ್ನ ಬೀಎಸ್ಸಿ ಮುಂಬಾಗಿಲಿನಿಂದ ಹೋಗುತ್ತಾಳೆ. ನವೆಂಬರಿನಲ್ಲಿ ಮದುವೆ ಎಂದು ಗಂಡಿನ ತಾಯಿಯೇ ಹೇಳಿಬಿಟ್ಟರು. ಅವರದು ಒಂದೇ ಮಾತು: ಸೊಸೆ ಹೊರಗೆ ಕೆಲಸಕ್ಕೆ ಹೋಗಬಾರದು. ಇಂಥ ಮನೆಯಲ್ಲಿ ಕೆಲಸಕ್ಕೆ ಹೋಗುವ ದರ್ದು ಯಾರಿಗಿದೆ?

ಮದುವೆಯ ನಿಲುವಂಗಿಯನ್ನು ನಾನೇ ಹೊಲಿಯುತ್ತೇನೆ ಎಂದೆ. ಬೇರೆ ಯಾರೂ ಸೂಜಿ ಮುಟ್ಟಬಾರದು. ಇವತ್ತೇ ಅಳತೆ ತೆಗೆದೆ. ಎದೆಸುತ್ತು ಮೂವತ್ತಮೂರು. ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತೇನೆ. ಅವಳು ಹುಟ್ಟಿದಾಗಿನಿಂದ ಹಾಗೆಯೇ. ಬೆಳೆಯುವ ಮೈಗೆ ಹೊಲಿಯುವವರು ಬಿಚ್ಚಿ ಸಡಿಲ ಮಾಡಲು ಬಟ್ಟೆಯನ್ನು ಒಳಗೇ ಇಟ್ಟಿರಬೇಕು.

ಅಳೆಯುವಾಗ ಅವಳು ಗೋಡೆ ನೋಡುತ್ತಿದ್ದಳು. "ಅಜ್ಜಿ, ನನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದಳು.

"ಕೈ ಎತ್ತು," ಎಂದೆ.

ಬೇಕರಿಯವಳು ಮೂರು ಅಂಗಿ ಕಳಿಸಿದ್ದಾಳೆ, ದೊಗಳೆಯಾಗುತ್ತಿವೆಯಂತೆ, ಒಳಗೆ ಹಿಡಿದು ಹೊಲಿಯಬೇಕಂತೆ. ಎದೆಸುತ್ತು ನಲವತ್ತರ ಅಳತೆಯವಳು. ನನ್ನ ಓರಗೆ. ಹೊಟ್ಟೆಯಲ್ಲಿ ಏನೋ ಗೆಡ್ಡೆ ಎನ್ನುತ್ತಾರೆ. ಬಟ್ಟೆ ತಡವಾದರೆ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದಳು. ಈ ಸಲ ಕೂಗಾಡಲು ಬರಲಿಲ್ಲ, ಮಗಳ ಕೈಯಲ್ಲಿ ಕಳಿಸಿದಳು. ನನಗೇನು, ಕಿವಿಗೆ ನೆಮ್ಮದಿ.

ಜೂನ್ 19

ಇವತ್ತು ಈ ಪುಸ್ತಕ ಸುಟ್ಟುಹೋಗುವಷ್ಟು ಬೈಯಬೇಕು.

ಬೆಳಿಗ್ಗೆ ಎಲ್ಲರೂ ಊಟದ ಮೇಜಿನ ಸುತ್ತ ಕೂತಿದ್ದೆವು. ಬೀಎಸ್ಸಿ ಲೋಟ ಕೆಳಗಿಟ್ಟು ಹೇಳಿದಳು: "ನಾನು ಜವಳಿ ಅಂಗಡಿ ಹುಡುಗನ್ನ ಮದುವೆ ಆಗಲ್ಲ. ನನಗೆ ಬೇರೆ ಒಬ್ಬ ಇದಾನೆ."

ನನ್ನ ಮಗ ತಟ್ಟೆ ನೋಡಿದ. ಅವನು ಹುಟ್ಟಿದಾಗಿನಿಂದ ತಟ್ಟೆ ನೋಡುವವನೇ. ನಾನು ಕೇಳಿದೆ, "ಯಾರು?"

"ನನ್ನ ಜೊತೆ ಓದಿದವನು. ಈಗ ಅವರಪ್ಪನ ವ್ಯಾನು ಓಡಿಸ್ತಾನೆ. ಅಪ್ಪನಿಗೆ ಬೆನ್ನು ನೋವು, ಕೂರೋಕಾಗಲ್ಲ. ಕೆಲಸ ಹುಡುಕ್ತಿದಾನೆ."

"ಎಂಥಾ ವ್ಯಾನು?"

ಸೊಸೆ ಮೆಲ್ಲಗೆ ಹೇಳಿದಳು, "ಹೆಣದ ಗಾಡಿ, ಅತ್ತೆ."

ನಗು ಬಂತು ನನಗೆ, ಅಂಥ ಕೋಪ. ನಾವು ಅಳತೆ ತೆಗೆದು ಹೊಲಿಯುವವರು, ಅವರು ಅಳತೆಯಿಲ್ಲದೆ ಹೊತ್ತುಕೊಂಡು ಹೋಗುವವರು. ಒಳ್ಳೆ ಜೋಡಿ! ಬೀದಿಯಲ್ಲಿ ಆ ಗಾಡಿ ಬಂದರೆ ನಾನು ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತೇನೆ.

ಅವಳು ಇನ್ನೂ ಹೇಳುತ್ತಲೇ ಇದ್ದಳು. ನೀರು ಪರೀಕ್ಷೆ ಮಾಡುವ ಲ್ಯಾಬಿಗೆ ಅರ್ಜಿ ಹಾಕಿದ್ದಾಳಂತೆ, ಬೇರೆ ಊರಿನಲ್ಲಿ. ಕಾಗದ ಬಂದರೆ ಹೋಗುತ್ತಾಳಂತೆ. ಮದುವೆ ಈಗಲೇ ಯಾರ ಜೊತೆಗೂ ಬೇಡವಂತೆ, ಮೊದಲು ಕೆಲಸವಂತೆ.

ಆಗ ನಾನೊಂದು ಮಾತು ಹೇಳಿದೆ. ಚೆನ್ನಾಗಿ ನಾಟಿತು, ಅದಕ್ಕೇ ಬರೆದಿಡುತ್ತಿದ್ದೇನೆ. "ಇಪ್ಪತ್ತೊಂದು ವರ್ಷ ಈ ಸೂಜಿ ನಿನಗೆ ಅನ್ನ ಹಾಕಿದೆ. ಈ ಮನೆ ಅನ್ನ ತಿಂದು ಆ ಗಾಡಿ ಹತ್ತುತ್ತೀಯಾ? ಹತ್ತೋದಾದ್ರೆ ತಿನ್ಬೇಡ."

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. ಎದ್ದು ಕೈ ತೊಳೆದಳು. ತಟ್ಟೆಯನ್ನೂ ತೊಳೆದು ಕವುಚಿ ಇಟ್ಟಳು. ನನ್ನ ಬಾಯಿಗೆ ಎದುರು ಹೇಳುವವರು ಈ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ಜುಲೈ 2

ದಾರಿಗೆ ಬಂದಳು. "ನೀವು ಹೇಳಿದ ಹಾಗೇ ಆಗ್ಲಿ" ಎಂದು ಅವಳಪ್ಪನ ಹತ್ತಿರ ಹೇಳಿದಳಂತೆ. ಗಲಾಟೆಯಿಲ್ಲ, ಅಳುವಿಲ್ಲ. ಮನೆ ಎಷ್ಟು ಶಾಂತವಾಗಿದೆ ಎಂದರೆ ಕೆಳಗಿನ ಮೆಷಿನ್ನಿನ ಸದ್ದು ಮೇಲೆ ಕೇಳುತ್ತದೆ.

ಊಟಕ್ಕೆ ಕರೆದರೆ "ಆಯ್ತು ಅಜ್ಜಿ, ಗೆಳತಿ ಮನೇಲಿ ತಿಂದೆ" ಎನ್ನುತ್ತಾಳೆ. ಒಳ್ಳೆಯ ಗೆಳತಿ ಇರಬೇಕು, ದಿನಾ ಬಡಿಸುತ್ತಾಳೆ.

ದಿನಾ ಹನ್ನೊಂದು ಗಂಟೆಗೆ ಇಳಿದು ಬಂದು "ಅಂಚೆಯವರು ಬಂದ್ರಾ?" ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ಜುಲೈ 16, ಭಾನುವಾರ

ನಿಲುವಂಗಿಗೆ ಕಚ್ಚಾ ಹೊಲಿಗೆ ಹಾಕಿ ಮೊದಲ ಸಲ ತೊಡಿಸಿ ನೋಡಿದೆ. ಹೆಗಲಿನ ಮೇಲೆ ನಿಲ್ಲುತ್ತಿಲ್ಲ. ಮತ್ತೆ ಅಳೆದರೆ ಎದೆಸುತ್ತು ಮೂವತ್ತೆರಡು. ಮಗನನ್ನು ಕರೆದು ಬೈದೆ, ಕತ್ತರಿಸುವಾಗ ಕಣ್ಣು ಎಲ್ಲಿಟ್ಟಿದ್ದೆ ಎಂದು. ಅವನು ಬಟ್ಟೆ ಅಳೆದು ತೋರಿಸಿದ, ಸರಿಯಾಗಿಯೇ ಇದೆ. ಹಾಗಾದರೆ ಟೇಪು. ಹನ್ನೆರಡು ವರ್ಷದ ಹಳೆಯ ಬಟ್ಟೆ ಟೇಪು, ಎಳೆದೆಳೆದು ಉದ್ದವಾಗಿದೆ. ಉದ್ದವಾದ ಟೇಪು ಕಡಿಮೆ ತೋರಿಸುತ್ತದೆ, ಇದು ಹೊಲಿಯುವವರಿಗೆಲ್ಲ ಗೊತ್ತು. ಇಷ್ಟು ದಿನ ಇದರಲ್ಲಿ ಅಳೆದ ಹೆಂಗಸರೆಲ್ಲ ತೆಳ್ಳಗಾದೆವು ಎಂದು ಖುಷಿಪಟ್ಟಿರಬೇಕು.

ಹೊಸದು ತರಲು ಹೇಳಿದ್ದೇನೆ. ಸದ್ಯಕ್ಕೆ ಅರ್ಧರ್ಧ ಇಂಚು ಒಳಗೆ ಹಿಡಿದೆ.

ಆಗಸ್ಟ್ 4

ಕಾಗದ ಬಂತು.

ಅವಳು ಸ್ನಾನಕ್ಕೆ ಹೋಗಿದ್ದಳು. ಅಂಚೆಯವನು ನನ್ನ ಕೈಗೇ ಕೊಟ್ಟ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಟೈಪು ಅಕ್ಷರ ನನಗೆ ನಿಧಾನ, ಒಂದೊಂದರ ಮೇಲೂ ಬೆರಳಿಟ್ಟು ಓದಬೇಕು. ನೀರು ಪರೀಕ್ಷೆಯ ಲ್ಯಾಬಿನವರು. ಆಯ್ಕೆಯಾಗಿದ್ದೀರಿ. ಅಕ್ಟೋಬರ್ ಮಧ್ಯದಲ್ಲಿ ಬಂದು ಸೇರಬೇಕು. ಒಪ್ಪಿಗೆಯಿದ್ದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಉತ್ತರ ಬರೆಯತಕ್ಕದ್ದು, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ.

ಒಲೆಗೆ ಹಾಕೋಣ ಎಂದು ಮೆಟ್ಟಿಲು ಹತ್ತಿದೆ. ಹತ್ತಿದವಳು ನಡುವೆ ನಿಂತೆ. ಅವಳ ಹೆಸರು ಅಚ್ಚಾಗಿತ್ತು, ಹೆಸರಿನ ಮುಂದೆ ಬೀಎಸ್ಸಿ ಎಂದು ಅಚ್ಚಾಗಿತ್ತು. ನಮ್ಮ ವಂಶದಲ್ಲಿ ಯಾರ ಹೆಸರೂ ಹಾಗೆ ಅಚ್ಚಾಗಿ ಮನೆಗೆ ಬಂದದ್ದಿಲ್ಲ. ಸುಡಲು ಕೈ ಬರಲಿಲ್ಲ.

ಪೆಟ್ಟಿಗೆಯಲ್ಲಿಟ್ಟರೆ ಸೊಸೆ ಕೈ ಹಾಕುತ್ತಾಳೆ. ಬೀರುವಿನಲ್ಲಿಟ್ಟರೆ ಮಗ. ನಾನೊಬ್ಬಳೇ ಮುಟ್ಟುವುದು ಇಡೀ ಮನೆಯಲ್ಲಿ ಒಂದೇ ವಸ್ತು. ನಾಲ್ಕು ಮಡಿಕೆ ಮಾಡಿ ನಿಲುವಂಗಿಯ ಬೆನ್ನಿನಲ್ಲಿ, ಮೇಲುಬಟ್ಟೆಗೂ ಲೈನಿಂಗಿಗೂ ನಡುವೆ ಇಟ್ಟು ಸಣ್ಣ ಹೊಲಿಗೆ ಹಾಕಿಬಿಟ್ಟೆ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ತೋರಿಸಿದರೆ ಅವಳೇ ನಗುತ್ತಾಳೆ.

ಹನ್ನೊಂದು ಗಂಟೆಗೆ ಬಂದು ಕೇಳಿದಳು. "ಬಂದಿದ್ದ. ನಮಗೇನೂ ಇಲ್ಲ," ಎಂದೆ. ದಾರ ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ, ಅದಕ್ಕೇ ಮಾತು ತೊದಲಿತು.

ಆಗಸ್ಟ್ 13

ಹೊಸ ಟೇಪು ಬಂದಿದೆ. ಎದೆಸುತ್ತು ಮೂವತ್ತೊಂದು. ಈ ಹೊಸ ಟೇಪುಗಳೂ ಅಷ್ಟೇ, ಬೆನ್ನಿಗೆ ಕೂರುವುದಿಲ್ಲ, ಕಡ್ಡಿಯ ಹಾಗೆ ನಿಲ್ಲುತ್ತವೆ. ನನ್ನ ಬೆರಳೂ ಮೊದಲಿನ ಹಾಗೆ ಇಲ್ಲ.

ತೊಡಿಸಿದಾಗ ಬೆನ್ನಿನಲ್ಲಿ ಕಾಗದ ಸರಸರ ಎಂದಿತು. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. "ಏನಜ್ಜಿ ಅದು ಸದ್ದು?"

"ಬಕ್ರಂ, ಒಳಗೆ ಹಾಕೋ ಗಟ್ಟಿ ಬಟ್ಟೆ. ಬೆನ್ನು ನೆಟ್ಟಗೆ ನಿಲ್ಲೋಕೆ."

"ಓ," ಎಂದಳು. "ನನ್ನ ಬೆನ್ನು ನೆಟ್ಟಗೆ ನಿಲ್ಲೋಕೆ."

ಆಮೇಲೆ ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಬಿಚ್ಚು ಎಂದರೂ ಬಿಚ್ಚಲಿಲ್ಲ.

ಅಂದಹಾಗೆ, ಅಂಚೆಯವರು ಬಂದರೇ ಎಂದು ಕೇಳುವುದನ್ನು ಮೂರ್ನಾಲ್ಕು ದಿನದಿಂದ ಬಿಟ್ಟಿದ್ದಾಳೆ. ಮರೆತಳು. ಒಳ್ಳೆಯದೇ ಆಯಿತು.

ಆಗಸ್ಟ್ 20

ಗಂಡಿನ ತಾಯಿ ಬಂದಿದ್ದರು. "ಹುಡುಗಿ ಸಪೂರ ಆಗಿದಾಳೆ. ಈಗ ಬೊಂಬೆ ಥರ ಕಾಣ್ತಾಳೆ," ಎಂದರು. ಅವರ ಅಂಗಡಿಯ ಗಾಜಿನೊಳಗೆ ನಿಲ್ಲಿಸಿದ ಬೊಂಬೆಗಳಿಗೆ ತಲೆಯಿಲ್ಲ. ಹೇಳಬೇಕು ಎಂದು ನಾಲಗೆ ತುದಿಗೆ ಬಂತು, ನುಂಗಿಕೊಂಡೆ. ನಾನು ಮಾತು ನುಂಗಿದ್ದು ಎಷ್ಟು ವರ್ಷದ ಮೇಲೋ.

ಮೂವತ್ತೂವರೆ.

ಸೆಪ್ಟೆಂಬರ್ 3, ಭಾನುವಾರ

ಇವತ್ತು ಆ ಗಾಡಿಯ ಹುಡುಗ ಅಂಗಡಿಗೇ ಬಂದ. ಎಷ್ಟು ಧೈರ್ಯ! ಕೈಯಲ್ಲಿ ಹೊಲಿಗೆ ಬಿಟ್ಟ ಪ್ಯಾಂಟು ಹಿಡಿದುಕೊಂಡಿದ್ದ, ನೆಪಕ್ಕೆ. ಬೆರಳ ಗಾತ್ರದ ಹೊಲಿಗೆ, ಯಾರಾದರೂ ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ಹೊಸ್ತಿಲಾಚೆಯೇ ನಿಂತ.

"ಅಜ್ಜಿ, ಒಂದೇ ಮಾತು ಕೇಳಿ ಹೋಗ್ತೀನಿ. ಅವಳು ಊಟ ಮಾಡ್ತಿದಾಳಾ?"

"ನಿನಗ್ಯಾಕೆ ನಮ್ಮನೆ ಊಟದ ಲೆಕ್ಕ? ನಿನಗೆ ಬೇಕಾದ ಗಿರಾಕಿ ಇಲ್ಲಿ ಯಾರೂ ಇಲ್ಲ, ಹೋಗು."

"ಬಸ್ ಸ್ಟಾಪಲ್ಲಿ ನೋಡ್ದೆ. ಮನೇಲಿ ಮಾತು ಕೊಟ್ಟಿದೀನಿ ಅಂದ್ಲು ಅಷ್ಟೇ, ಬೇರೆ ಮಾತಾಡ್ಲಿಲ್ಲ. ನಾನು ಅದಕ್ಕೆ ಬಂದಿಲ್ಲ. ನಾನು ದಿನಾ ಜನರನ್ನ ಎತ್ತೋನು ಅಜ್ಜಿ. ಅವಳಂಥ ಕೈಗಳನ್ನ ನೋಡಿದೀನಿ. ಬದುಕಿರೋರಲ್ಲಿ ನೋಡಿರ್ಲಿಲ್ಲ."

ನಾನು ಇಂಚುಪಟ್ಟಿ ಎತ್ತಿದೆ. ಹೋದ. ಪ್ಯಾಂಟು ಅಲ್ಲೇ ಬಿಟ್ಟುಹೋದ.

ಸೊಸೆ ಗುಂಡಿ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಗೆಳತಿ ಮನೇಲಿ ತಿಂತಾಳೆ ಅಂತೀರಲ್ಲ ಅತ್ತೆ, ಆ ಗೆಳತಿ ಮದುವೆಯಾಗಿ ಊರು ಬಿಟ್ಟು ಒಂದೂವರೆ ತಿಂಗಳಾಯ್ತು. ಬೆಳಿಗ್ಗೆ ಒಂದು ಲೋಟ ಹಾಲು, ಸಂಜೆ ಎರಡು ಬಿಸ್ಕತ್ತು. ನಾನು ಕಾಲು ಹಿಡಿದೂ ನೋಡ್ದೆ. 'ಅಜ್ಜಿ ಹೇಳಿದಾರಮ್ಮ, ತಿನ್ಬೇಡ ಅಂತ' ಅಂತಾಳೆ."

"ನಾನು ಯಾವಾಗ ಹೇಳ್ದೆ?"

"ನನ್ನನ್ನೇನು ಕೇಳ್ತೀರಿ, ನಿಮ್ಮ ಪುಸ್ತಕದಲ್ಲಿ ಬರೆದಿರ್ತೀರಲ್ಲ."

"ಹಾಗಾದ್ರೆ ನೀನೇ ಇದನ್ನ ಓದೋದು!"

"ನಿಮ್ಮ ಬೈಗುಳ ಓದೋ ಗತಿ ನನಗ್ಯಾಕತ್ತೆ? ಇಪ್ಪತ್ತಮೂರು ವರ್ಷದಿಂದ ಕೇಳ್ತಾ ಇಲ್ವಾ?"

ಈ ಸೊಸೆಗೂ ಬಾಯಿ ಬಂತು. ಕಾಲ ಕೆಟ್ಟಿದೆ.

ಅಳತೆ ಮೂವತ್ತು. ಮಧ್ಯಾಹ್ನ ನಾನೇ ತಟ್ಟೆ ಹಿಡಿದು ಮೇಲೆ ಹೋದೆ. ಬೀಎಸ್ಸಿ ಎದ್ದು ಕೂತಳು, ಎರಡು ತುತ್ತು ಬಾಯಿಗಿಟ್ಟುಕೊಂಡಳು. ನಾನು ಇಳಿದು ಬರುವಷ್ಟರಲ್ಲಿ ಬಚ್ಚಲಲ್ಲಿ ವಾಂತಿಯ ಸದ್ದು. ಬಿಸಿಲಿನ ಝಳಕ್ಕೆ ಇರಬೇಕು.

ಸೆಪ್ಟೆಂಬರ್ 10

ಬರೆಯುವಂಥದ್ದು ಏನೂ ಇಲ್ಲ. ಆ ಹುಡುಗನ ಪ್ಯಾಂಟಿಗೆ ಹೊಲಿಗೆ ಹಾಕಿ ಇಟ್ಟೆ. ಬಿದ್ದಿತ್ತು, ಹಾಕಿದೆ, ಅಷ್ಟೇ.

ಸೆಪ್ಟೆಂಬರ್ 17

ಮೂವತ್ತಕ್ಕೆ ಅರ್ಧ ಕಮ್ಮಿ.

ಕೂಗಿದೆ. ಸೊಸೆ ಬರೆದುಕೊಳ್ಳಲಿಲ್ಲ. ಪೆನ್ಸಿಲು ಕೆಳಗಿಟ್ಟು ಒಳಗೆ ಹೋದಳು.

ನಿಲುವಂಗಿಯಲ್ಲಿ ಇನ್ನು ಒಳಗೆ ಹಿಡಿಯಲು ಜಾಗವಿಲ್ಲ. ಮಡಿಕೆಯ ಮೇಲೆ ಮಡಿಕೆ, ಒಳಗೆ ಸೇರಿದ ಬಟ್ಟೆಯೇ ಹೊರಗಿನದಕ್ಕಿಂತ ಹೆಚ್ಚು. ಡಾಕ್ಟರಿಗೆ ತೋರಿಸೋಣ ಎಂದೆ. ಮಗ ಹೇಳಿದ: "ಮದುವೆ ಮುಂದಿಟ್ಕೊಂಡು ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಜವಳಿ ಅಂಗಡಿಯವರಿಗೆ ತಿಳಿಯುತ್ತಮ್ಮ. ನೀನೇ ಹೇಳಿದ್ಯಲ್ಲ, ಇಂಥ ಮನೆ ಮತ್ತೆ ಸಿಗಲ್ಲ ಅಂತ." ಹೌದು, ನಾನೇ ಹೇಳಿದ್ದೆ. ಈ ಮನೆಯಲ್ಲಿ ಎಲ್ಲವನ್ನೂ ನಾನೇ ಹೇಳಿರುತ್ತೇನೆ.

ಸೆಪ್ಟೆಂಬರ್ 23, ಶನಿವಾರ, ಆಸ್ಪತ್ರೆಯಲ್ಲಿ

ಹಗಲು ಹೊತ್ತು ನನ್ನ ಪಾಳಿ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನರ್ಸಮ್ಮ ಬಂದು "ಏನಜ್ಜಿ, ವಿಲ್ ಬರೀತಿದೀರಾ?" ಎಂದಳು. ಬೈಯಲಿಲ್ಲ.

ನಿನ್ನೆ ಬೆಳಿಗ್ಗೆ ಬೇಕರಿಯವಳು ತೀರಿಕೊಂಡಳು. ಅವಳ ಮಗಳು ಓಡಿ ಬಂದಳು: "ನೀವು ಹೊಲಿದ ನೀಲಿ ಅಂಗಿನೇ ತೊಡಿಸಿ ಕಳಿಸ್ಬೇಕು ಅಂತ ಅಮ್ಮ ಹೇಳಿದ್ರು. ತೊಡಿಸಿದ್ರೆ ಎಲ್ಲಾ ಕಡೆ ಜಾರ್ತಾ ಇದೆ, ನೋಡೋಕಾಗ್ತಿಲ್ಲ." ಟೇಪು, ಸೂಜಿಡಬ್ಬಿ ತಗೊಂಡು ಹೋದೆ. ಬಾಗಿಲಲ್ಲಿ ಆ ಗಾಡಿ ನಿಂತಿತ್ತು. ಆ ಹುಡುಗ ಒಳಗೇ ಇದ್ದ. ನಾನು ಟೇಪು ಸುತ್ತಲು ಅವಳನ್ನು ಎತ್ತಬೇಕಿತ್ತು. ಅವನು ಒಂದು ಕೈ ಕುತ್ತಿಗೆಗೆ, ಒಂದು ಕೈ ಬೆನ್ನಿಗೆ ಕೊಟ್ಟು ಎತ್ತಿ ಹಿಡಿದ, ಎಳೆಗೂಸನ್ನು ಹಿಡಿಯುವ ಹಾಗೆ. "ನಿಧಾನ ಮಾಡಿ ಅಜ್ಜಿ, ಭಾರ ಇಲ್ಲ," ಎಂದ.

ಟೇಪು ಸುತ್ತಿದೆ. ಅಂಗಡಿಯಲ್ಲಿ ಕೂಗುವ ಅಭ್ಯಾಸ ನೋಡು, ಅಲ್ಲಿಯೂ ಗಟ್ಟಿಯಾಗಿ ಕೂಗಿಬಿಟ್ಟೆ: "ಎದೆಸುತ್ತು ಮೂವತ್ತಕ್ಕೆ ಅರ್ಧ ಕಮ್ಮಿ!"

ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಆ ಮಾತು ಗೋಡೆಗೆ ಬಡಿದು ನನ್ನ ಕಿವಿಗೇ ವಾಪಸು ಬಂತು. ಐದು ದಿನದ ಹಿಂದೆ ಇದೇ ಬಾಯಿ ಇದನ್ನೇ ಕೂಗಿತ್ತು, ಇಪ್ಪತ್ತೊಂದು ವರ್ಷದವಳನ್ನು ಮುಂದೆ ನಿಲ್ಲಿಸಿಕೊಂಡು. ಟೇಪು ಬಿಚ್ಚಿ ಮತ್ತೆ ಸುತ್ತಿದೆ. ಅಷ್ಟೇ ಬಂತು. ಹೊಸ ಟೇಪು. ಟೇಪಿನಲ್ಲಿ ಯಾವ ತಪ್ಪೂ ಇಲ್ಲ.

ಸೂಜಿಯನ್ನು ಅಂಗಿಗೇ ಚುಚ್ಚಿಬಿಟ್ಟು ಎದ್ದೆ. ಈ ಕಾಲುಗಳಿಗೆ ಓಡಲು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅಂಗಡಿಯ ಹೊಸ್ತಿಲು ದಾಟುವಾಗ ಸೊಸೆಯ ಚೀರು ಕೇಳಿಸಿತು. ಬೀಎಸ್ಸಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳು. ಇಳಿಯುತ್ತಾ ಕಣ್ಣು ಕತ್ತಲೆ ಬಂದಿದೆ. ತುಟಿ ಬೂದಿಯ ಬಣ್ಣ. ಮಗ ಜವಳಿ ಅಂಗಡಿಗೆ ಹೋಗಿದ್ದ, ಮದುವೆಯ ಮಾತಿಗೆ.

ನಾನು ಬಿಟ್ಟು ಬಂದ ಸೂಜಿಡಬ್ಬಿ ಹಿಡಿದು ಆ ಹುಡುಗ ಹಿಂದೆಯೇ ಬಂದಿದ್ದ. ಅವಳನ್ನು ನೋಡಿದವನೇ ಡಬ್ಬಿ ಕೆಳಗೆ ಬಿಟ್ಟ. ಮಂಡಿಯೂರಿ ಕುತ್ತಿಗೆಯ ನಾಡಿ ಹಿಡಿದ. ಆಸ್ಪತ್ರೆ ಸೇತುವೆಯಾಚೆ, ನಡೆದು ಹೋಗುವ ದೂರವಲ್ಲ.

"ಬೇರೆ ಗಾಡಿ ಬರೋಕೆ ಅರ್ಧ ಗಂಟೆ ಆಗುತ್ತೆ ಅಜ್ಜಿ. ನನ್ನದು ಬೇಡ ಅಂದ್ರೆ ಕಾಯೋಣ. ನೀವು ಹೇಳಿ."

"ಬಾಯಿ ಮುಚ್ಕೊಂಡು ಗಾಡಿ ತಿರುಗಿಸ್ಕೊಂಡು ಬಾ," ಎಂದೆ.

ಗಾಡಿಯ ಹಿಂಭಾಗದಲ್ಲಿ ಉದ್ದದ ಹಲಗೆ ಇತ್ತು. ಅದರ ಮೇಲೆ ಮಲಗಿಸಲು ಹೊರಟ. ಬೇಡ ಎಂದೆ. ಆ ಗಾಡಿಯಲ್ಲಿ ಅವಳನ್ನು ಮಲಗಿಸುವುದಿಲ್ಲ. ನಾನೇ ಮೊದಲು ಹತ್ತಿ ಕೂತು ತೊಡೆಯ ಮೇಲೆ ಎತ್ತಿಕೊಂಡೆ, ನೆಟ್ಟಗೆ ಕೂರಿಸಿ ಎರಡೂ ಕೈಯಲ್ಲಿ ಬಿಗಿದು ಹಿಡಿದೆ. ದಾರಿಯಲ್ಲಿ ಎದುರಾದವರು ನಿಂತು ತಲೆ ಬಾಗಿಸುತ್ತಿದ್ದರು. ಸತ್ತಿಲ್ಲ ಕಣ್ರೋ, ಪಕ್ಕಕ್ಕೆ ಸರೀರಿ ಎಂದು ಕಿಟಕಿಯಿಂದ ಕಿರುಚಿದೆ. ನನ್ನ ತೋಳಿಗೆ ಬೇರೆ ಟೇಪು ಬೇಕಾಗಲಿಲ್ಲ. ನನ್ನ ಕೈ ಅವಳನ್ನು ಸುತ್ತಿ ಬಂದು ನನ್ನ ಮೊಣಕೈಯನ್ನೇ ಮುಟ್ಟುತ್ತಿತ್ತು.

ಬೇಕರಿಯವಳು ಗಾಡಿಗಾಗಿ ಮಧ್ಯಾಹ್ನದವರೆಗೆ ಕಾದಳಂತೆ. ನನಗಾಗಿ ಕಾದದ್ದು ಇದೇ ಕೊನೆ. ಈ ಸಲ ಕೂಗಾಡಲಿಲ್ಲ.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಎಷ್ಟು ದಿನದಿಂದ ಹೀಗೆ? ಮನೇಲಿ ಯಾರೂ ನೋಡ್ಲಿಲ್ವಾ? ಹೃದಯ ಬಳಲಿದೆ. ಉಳೀತಾಳೆ ಅಂತ ಈಗಲೇ ಮಾತು ಕೊಡಲ್ಲ. ಊಟ ಒಮ್ಮೆಲೇ ಕೊಡೋ ಹಾಗಿಲ್ಲ, ಅದೂ ಅಪಾಯ. ಚಮಚ ಚಮಚ, ದಿನಾ ಸ್ವಲ್ಪ ಸ್ವಲ್ಪ."

ಯಾರೂ ನೋಡಲಿಲ್ಲವೇ? ನೋಡಿದೆ ಡಾಕ್ಟರೇ. ವಾರ ತಪ್ಪದೆ ನೋಡಿದೆ. ಅಂಕಿಯಲ್ಲಿ ಬರೆದೂ ಇಟ್ಟೆ.

ಆ ಅಂಕಿಗಳನ್ನೇ ಹುಡುಕಿ ಈಗ ಹಿಂದಿನ ಪುಟಗಳನ್ನು ತಿರುಗಿಸಿದೆ. ಮೂವತ್ತಮೂರು, ಮೂವತ್ತೆರಡು, ಮೂವತ್ತೊಂದು. ಆಗಸ್ಟ್ ನಾಲ್ಕರ ಪುಟದಲ್ಲಿ ಕೈ ನಿಂತಿತು. ನಾನು ಇಟ್ಟು, ಆಮೇಲೆ ನೋಡುವುದನ್ನೇ ಮರೆತಿದ್ದ ಕೆಂಪು ದಾರ ಅಲ್ಲಿತ್ತು, ಆದರೆ ಎಳೆಯಾಗಿ ಇರಲಿಲ್ಲ. ಯಾರೋ ಅದಕ್ಕೆ ಗಂಟು ಹಾಕಿದ್ದರು. ಎರಡು ಸುತ್ತು ಸುತ್ತಿ ಒಳಗಿನಿಂದ ಎಳೆದ ಗಂಟು. ಸೊಸೆಗೆ ಆ ಗಂಟು ಬರುವುದಿಲ್ಲ. ಅದನ್ನು ನಾನು ಒಬ್ಬಳಿಗೇ ಕಲಿಸಿದ್ದು, ಅವಳಿಗೆ ಏಳು ವರ್ಷವಾಗಿದ್ದಾಗ, ನನ್ನ ತೊಡೆಯ ಮೇಲೆ ಕೂರಿಸಿಕೊಂಡು.

ಸೆಪ್ಟೆಂಬರ್ 26, ಮಂಗಳವಾರ

ಓದುತ್ತಿರುವವಳು ಯಾರೆಂದು ಈಗ ಗೊತ್ತು. ಮುಚ್ಚು ಎನ್ನುವುದಿಲ್ಲ. ಓದು.

ಕಾಗದ ಎಲ್ಲಿದೆ ಎಂದು ನಿನಗೆ ಗೊತ್ತಿತ್ತು. ಅದನ್ನು ಬೆನ್ನಿಗೆ ಕಟ್ಟಿಕೊಂಡು ನನ್ನ ಕನ್ನಡಿಯ ಮುಂದೆ ನಿಂತೆ. ನಾಲ್ಕು ಹೊಲಿಗೆ ಬಿಚ್ಚಲು ನಿನಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು, ನಾನೇ ಕಲಿಸಿದ್ದು. ನೀನು ಬಿಚ್ಚಲಿಲ್ಲ. ಹೊಲಿದ ಕೈಯೇ ಬಿಚ್ಚಲಿ ಎಂದು ಕಾದೆ. ಕಾಯುವುದಕ್ಕೂ ಒಂದು ಅಳತೆ ಬೇಡವೇನೇ, ಮೂದೇವಿ? ನಾನು ಬಿಚ್ಚದೇ ಹೋಗಿದ್ದರೆ?

ಇವತ್ತು ಬೆಳಿಗ್ಗೆ ಬಿಚ್ಚಿದೆ. ಕಾಗದದ ಅಂಚಿನಲ್ಲೆಲ್ಲ ಸೂಜಿಯ ತೂತು. ಇಸ್ತ್ರಿ ಮಾಡಿದೆ, ಮಡಿಕೆ ಹೋಯಿತು, ತೂತು ಹೋಗಲಿಲ್ಲ. ನಿನ್ನ ಹೆಸರಿಗೆ ತಾಗಿಲ್ಲ, ನೋಡಿಕೊಂಡಿದ್ದೇನೆ. ಬೀಎಸ್ಸಿಗೂ ತಾಗಿಲ್ಲ.

ಜವಳಿ ಅಂಗಡಿಗೆ ನಾನೇ ಹೋದೆ. ಬೇಡ ಎನ್ನಲು ಹೋದವಳಿಗೆ ಅವರೇ ಮೊದಲು ಬೇಡ ಎಂದರು. "ರೋಗದ ಹುಡುಗೀನ ನಮ್ಮ ತಲೆಗೆ ಕಟ್ಟೋಕೆ ನೋಡಿದ್ರಿ, ಹೆಣದ ಗಾಡೀಲಿ ಹೋದವಳನ್ನ" ಎಂದರು ಗಂಡಿನ ತಾಯಿ, ಗಿರಾಕಿಗಳೆಲ್ಲ ಇದ್ದಾಗಲೇ. ನಾನು ಹಿಂಬಾಗಿಲಿನಿಂದ ಬರಲಿಲ್ಲ, ಆ ಕನ್ನಡಿ ನೆಲದ ಮೇಲೇ ನಡೆದು ಮುಂಬಾಗಿಲಿನಿಂದ ಬಂದೆ. ನಿನ್ನಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಲವತ್ತೈದು ವರ್ಷದಲ್ಲಿ ಅವನು ಮಾತಾಡಿದ್ದೇ ಕಡಿಮೆ, ಅಂಥ ನಷ್ಟವೇನಿಲ್ಲ ಎಂದು ಬರೆಯಬೇಕು ಎಂದುಕೊಂಡೆ. ನಷ್ಟವೇ.

ಆ ಹುಡುಗ ದಿನಾ ಗೇಟಿನ ಹೊರಗೆ ನಿಲ್ಲುತ್ತಾನೆ, ಒಳಗೆ ಬರುವುದಿಲ್ಲ. ಅವನ ಪ್ಯಾಂಟು ಕೊಟ್ಟೆ. ಅವನ ವಿಷಯದಲ್ಲಿ ನನ್ನ ಬಾಯಿಂದ ಹೌದು ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಅದಕ್ಕಾಗಿ ಕಾಯಬೇಡ. ನನ್ನ ಬಾಯಿಗಾಗಿ ಕಾದು ಏನಾಯಿತು ಎಂದು ನೋಡಿದೆಯಲ್ಲ.

ನೀನು ಇನ್ನೂ ನನ್ನ ಜೊತೆ ಮಾತಾಡಿಲ್ಲ. ನಾನು ಚಮಚ ಹಿಡಿದರೆ ಬಾಯಿ ತೆರೆಯುವುದಿಲ್ಲ, ನಿನ್ನಮ್ಮ ಹಿಡಿದರೆ ತೆರೆಯುತ್ತೀಯ. ಸರಿ. ಅವಳ ಕೈಯಿಂದಲೇ ತಿನ್ನು. ಜೂನ್ ಹತ್ತೊಂಬತ್ತರಂದು ನಾನು ಬರೆದ 'ತಿನ್ಬೇಡ' ಎಂಬ ಮಾತಿನ ಮೇಲೆ ಇವತ್ತು ಗೀಟು ಎಳೆದೆ. ಮಸಿ ಕೆಳಗಿನ ಪುಟಕ್ಕೂ ಇಳಿಯಿತು, ಆದರೂ ಅಕ್ಷರ ಕಾಣುತ್ತದೆ. ಅದೇನು ಪೆನ್ನೋ.

ನಿಲುವಂಗಿಯನ್ನು ಪೂರ್ತಿ ಬಿಚ್ಚಿದ್ದೇನೆ. ಅದರಲ್ಲಿ ಕೆಲಸಕ್ಕೆ ಹೋಗುವ ಅಂಗಿ ಎರಡು ಆಗುತ್ತವೆ. ಇವತ್ತಿನ ನಿನ್ನ ಅಳತೆಗೆ ಕತ್ತರಿಸುವುದಿಲ್ಲ. ಮೂವತ್ತಮೂರಕ್ಕೆ ಕತ್ತರಿಸುತ್ತೇನೆ, ಒಳಗೆ ಎರಡು ಬೆರಳು ಬಿಟ್ಟು. ನಿನ್ನ ಮೈ ಅಲ್ಲಿಗೆ ಬರಬೇಕು. ಬಟ್ಟೆ ಕಾಯುತ್ತದೆ.

ಡಾಕ್ಟರು ಇವತ್ತೂ ಮಾತು ಕೊಡಲಿಲ್ಲ. ಅವರ ಮಾತು ಯಾರಿಗೆ ಬೇಕು? ನನಗೆ ನಿನ್ನದು ಬೇಕು.

ಈ ಪುಸ್ತಕ, ಆ ಕಾಗದ, ಒಂದು ಪೆನ್ಸಿಲು, ಮೂರನ್ನೂ ನಿನ್ನ ದಿಂಬಿನ ಕೆಳಗೆ ಇಡುತ್ತಿದ್ದೇನೆ. ಇದರ ಮುಂದಿನ ಪುಟ ಖಾಲಿ ಇದೆ. ನೀರಿನ ಲ್ಯಾಬಿನವರಿಗೆ ಉತ್ತರ ಅದರ ಮೇಲೆ ಬರೆ. ಹೌದೋ ಅಲ್ಲವೋ, ನಿನ್ನ ಇಷ್ಟ, ನಾನು ಇಣುಕಿ ನೋಡುವುದಿಲ್ಲ. ಹರಿದು ನಿನ್ನಮ್ಮನ ಕೈಗೆ ಕೊಡು, ಅವಳು ಅಂಚೆಗೆ ಹಾಕುತ್ತಾಳೆ. ಅಂಚೆಗೆ ಹಾಕುವ ಕೆಲಸವನ್ನು ನನಗೆ ಕೊಡಬೇಡ.

ಕೈ ನಡುಗಿದರೆ ದೊಡ್ಡ ಅಕ್ಷರದಲ್ಲಿ ಬರೆ. ಕಾಗುಣಿತ ತಪ್ಪಿದರೂ ನಾನು ನಗುವುದಿಲ್ಲ. ಸೆಪ್ಟೆಂಬರಿನಲ್ಲಿ ಇನ್ನು ನಾಲ್ಕೇ ದಿನ ಉಳಿದಿದೆ. ಮುಂದಿನ ತಿಂಗಳು ಹುಟ್ಟುವುದಕ್ಕೆ ಮೊದಲು ಉತ್ತರ ಬರೆ, ಬೀಎಸ್ಸಿ. ಇದು ನಿನ್ನ ಅಜ್ಜಿಯ ಅಪ್ಪಣೆ.